ಎದುರುಮನೆಯವರು ಹೇಳಿದ ಬಣ್ಣ

ನಮ್ಮ ಊರಿನಲ್ಲಿ ಯಾರಾದರೂ ಎದುರಾದರೆ ಊಟವಾಯಿತೇ ಎಂದು ಕೇಳುವ ಮೊದಲು ಗೋಡೆ ಒಣಗಿತೇ ಎಂದು ಕೇಳುತ್ತಾರೆ. ಮನೆಯ ಒಳಗಿನ ಬಣ್ಣವನ್ನು ಆ ಮನೆ ಗುಡಿಸುವವರು ಹೇಳಬೇಕು, ಹೊರಗಿನ ಬಣ್ಣವನ್ನು ಎದುರುಮನೆಯವರು ಹೇಳಬೇಕು. ಹೇಳಬೇಕಾದವರು ಮನಸ್ಸಿಟ್ಟು ಹೇಳಿದರೆ ಬಣ್ಣ ಮಧ್ಯಾಹ್ನದೊಳಗೆ ಒಣಗುತ್ತದೆ. ಇಲ್ಲವಾದರೆ ವರ್ಷ ಕಳೆದರೂ ಹಸಿಯಾಗಿಯೇ ಇರುತ್ತದೆ. ಡಬ್ಬಿಯ ಮೇಲೆ ಆರು ಗಂಟೆ ಎಂದು ಬರೆದಿರುತ್ತದೆ, ಆದರೆ ಡಬ್ಬಿ ಬರುವುದು ಬೇರೆ ಊರಿನಿಂದ. ಹಸಿ ಗೋಡೆಯ ಮನೆಯವರು ಬಾಗಿಲ ಬಳಿ ಒಂದು ಬಟ್ಟಲು ಸೀಮೆಎಣ್ಣೆ, ಒಂದು ಹಳೇ ಬಟ್ಟೆ ಇಟ್ಟಿರುತ್ತಾರೆ. ಬಂದವರು ಭುಜ ಒರೆಸಿಕೊಂಡು ಒಳಗೆ ಬರುತ್ತಾರೆ. ಹಸುವಿನ ಪಕ್ಕೆ ನೋಡಿದರೆ ಅದು ಯಾವ ಬೀದಿಯಲ್ಲಿ ಮೈ ಉಜ್ಜಿಕೊಂಡು ಬಂದಿದೆ ಎಂದು ತಿಳಿಯುತ್ತದೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟಿನ ತಟ್ಟೆ ಮುಟ್ಟುವ ಮೊದಲು ಗೋಡೆ ಮುಟ್ಟುತ್ತಾರೆ.

ನಮ್ಮ ಎದುರುಮನೆ ಭಾಗೀರಥಕ್ಕನದು. ನಾನು ಮದುವೆಯಾಗಿ ಈ ಮನೆಗೆ ಬಂದ ಮೂವತ್ತು ವರ್ಷದಲ್ಲಿ ನಾಲ್ಕು ಸಲ ಹೊರಗೆ ಬಣ್ಣ ಹೊಡೆಸಿದ್ದೇವೆ, ನಾಲ್ಕು ಸಲವೂ ಅವರೇ ಹೇಳಿದ್ದು. ಕೇಳಿದ ಕೂಡಲೇ ಹೇಳುವವರಲ್ಲ ಅವರು. ಮೂರು ದಿನ ತಮ್ಮ ಜಗಲಿಯಲ್ಲಿ ಕೂತು ಬೆಳಗಿನ ಬಿಸಿಲಿಗೊಮ್ಮೆ, ನಡುಮಧ್ಯಾಹ್ನಕ್ಕೊಮ್ಮೆ, ದೀಪ ಹಚ್ಚುವ ಹೊತ್ತಿಗೊಮ್ಮೆ ನಮ್ಮ ಮನೆಯನ್ನು ನೋಡುತ್ತಿದ್ದರು. ನಾಲ್ಕನೆಯ ದಿನ ರಸ್ತೆ ದಾಟಿ ಬಂದು, "ಅನಸೂಯಾ, ಈ ಸಲ ಹೆಸರುಬೇಳೆ ಬಣ್ಣ ಇರಲಿ" ಎಂದೋ, "ಮಜ್ಜಿಗೆ ಬಣ್ಣ ಸಾಕು, ಕಣ್ಣಿಗೆ ತಂಪು" ಎಂದೋ ಹೇಳಿ ಹೋಗುತ್ತಿದ್ದರು. ಬಣ್ಣ ಹೊಡೆಯುವ ಖಾಸಿಂ ಸಾಹೇಬರು ಶೇಡ್ ಕಾರ್ಡಿನಲ್ಲಿ ಅದಕ್ಕೆ ಹತ್ತಿರದ ನಂಬರು ಹುಡುಕಿ ಕಲೆಸುತ್ತಿದ್ದರು. ಬಣ್ಣ ಒಂದು ದಿನವೂ ಸತಾಯಿಸಿದ್ದಿಲ್ಲ.

ಈ ಸಲ ಬಣ್ಣ ಹೊಡೆಸಿದ್ದು ಮಗಳು ಪದ್ಮಿನಿಗಾಗಿ. ಹೋದ ವರ್ಷ ಗೌರಿಹಬ್ಬಕ್ಕೆ ಬಂದಿದ್ದವಳಿಗೆ ನಮ್ಮ ಮನೆಯಲ್ಲೇ ಐದು ತಿಂಗಳ ಬಸುರು ಹೋಯಿತು. ಈಗ ಮತ್ತೆ ಏಳನೆಯ ತಿಂಗಳು. ಬಾಣಂತನಕ್ಕೆ ಕರೆತರಬೇಕು. ನಮ್ಮನೆಯವರು ವಾಸ್ತು ನೋಡುವ ಯಾರನ್ನೋ ಕರೆಸಿ ಮನೆ ತೋರಿಸಿದರು. ಬಂದವರು ದಿಕ್ಸೂಚಿ ಹಿಡಿದು ಎರಡು ಸುತ್ತು ಹಾಕಿ, ರಸ್ತೆ ಕಡೆಯ ತಲೆಬಾಗಿಲು ಕೂಡದು, ಓಣಿ ಕಡೆಗೆ ತಿರುಗಿಸಿ ಎಂದರು. ಹದಿನೈದು ದಿನದಲ್ಲಿ ಹಳೆಯ ಬಾಗಿಲಿನ ಜಾಗಕ್ಕೆ ಇಟ್ಟಿಗೆ ಬಂತು. ಓಣಿ ಕಡೆ, ಅಡುಗೆಮನೆಯ ಪಕ್ಕದ ಗೋಡೆ ಒಡೆದು ಹೊಸ ಬಾಗಿಲು ನಿಂತಿತು. ಆ ಗೋಡೆಗೆ ಯಾರೂ ಯಾವತ್ತೂ ಬಣ್ಣ ಹೊಡೆದಿರಲಿಲ್ಲ, ಹಿಂದಿನ ಗೋಡೆ ಯಾರಿಗೆ ಕಾಣಬೇಕು ಎಂದು. ಯಾವ ಕಾಲದ್ದೋ ಸುಣ್ಣ, ಮೇಲಿನ ಕೊಳವೆ ಸೋರಿ ಇಳಿದ ಒಂದು ದೊಡ್ಡ ಕಂದು ಕಲೆ, ಅಷ್ಟೇ ಅದರಲ್ಲಿದ್ದದ್ದು. ನಮ್ಮ ಊರಿನಲ್ಲಿ ತಲೆಬಾಗಿಲು ತಿರುಗಿಸಿದವರು ನಾವೇ ಮೊದಲು. ಅದರಿಂದ ಏನೇನು ತಿರುಗುತ್ತದೆ ಎಂದು ನಮಗೂ ಗೊತ್ತಿರಲಿಲ್ಲ, ಊರಿಗೂ ಗೊತ್ತಿರಲಿಲ್ಲ.

ಒಳಗಿನದು ಸಲೀಸಾಯಿತು. ಗುಡಿಸುವವಳು ನಾನು. ಬಾಣಂತಿ ಕೋಣೆಗೆ ಹಾಲಿಗೆ ಒಂದೆಸಳು ಕೇಸರಿ ಹಾಕಿದಂಥ ಬಣ್ಣ ಇರಲಿ ಎಂದೆ. ನಮ್ಮನೆಯವರು ಅದು ಬೇಗ ಕೊಳೆಯಾಗುತ್ತದೆ, ಬೂದು ಒಳ್ಳೆಯದು ಎಂದರು. ಖಾಸಿಂ ಸಾಹೇಬರು ಅವರ ಕಡೆ ನೋಡಲೂ ಇಲ್ಲ. "ಪೊರಕೆ ಹಿಡಿದ ಕೈ ಯಾವುದು ಸ್ವಾಮಿ" ಎಂದು ಕೇಳಿ ನನ್ನ ಬಣ್ಣವನ್ನೇ ಕಲೆಸಿದರು. ಊಟದ ಹೊತ್ತಿಗೆ ಒಣಗಿತ್ತು. ನಾನು ಕೆನ್ನೆ ಇಟ್ಟು ನೋಡಿದೆ.

ಹೊರಗಿನದು ಕೇಳಲು ವೀಳ್ಯದೆಲೆ, ಹೂವು ತೆಗೆದುಕೊಂಡು ಭಾಗೀರಥಕ್ಕನ ಮನೆಗೆ ಹೋದೆ. ಅವರು ಎಂದಿನಂತೆ ಮೂರು ದಿನ ಕೂತು ನೋಡಿದರು. ನಾಲ್ಕನೆಯ ದಿನ, "ತಾವರೆ ಎಲೆ ಹಸಿರು ಮಾಡಿಸು, ಮಗುವಿಗೆ ಒಳ್ಳೇದು" ಎಂದರು. ನಾಲ್ಕೂ ಕಡೆ ಹೊಡೆದಾಯಿತು. ಮಧ್ಯಾಹ್ನ ಖಾಸಿಂ ಸಾಹೇಬರು ಬೆರಳ ಹಿಂಬದಿ ಸೋಕಿಸಿ ನೋಡಿದರು. ಸಂಜೆ ನೋಡಿದರು. ಮಾರನೆಯ ದಿನವೂ ನೋಡಿದರು. "ಕೆನೆ ಥರ ಇದೆ ಅಮ್ಮಾ" ಎಂದು ಬೆರಳು ತೋರಿಸಿದರು.

ನನಗೆ ಏನೆಂದು ಅರ್ಥವಾಗಲಿಲ್ಲ. ಒಂದು ವಾರ ಕಾದು ಭಾಗೀರಥಕ್ಕನಿಗೆ ಹೇಳಿದೆ. ಅವರೂ ಗಲಿಬಿಲಿಗೊಂಡರು. ಕಣ್ಣು ತಪ್ಪಿರಬಹುದು, ಹಸಿರು ತಮಗೇ ಅಷ್ಟು ಹಿಡಿಸಿರಲಿಲ್ಲವೇನೋ ಎಂದುಕೊಂಡು ಮತ್ತೆ ಮೂರು ದಿನ ಕೂತರು. ಬೆಲ್ಲದ ಬಣ್ಣ ಎಂದರು. ಹಸಿರನ್ನು ಸೀಮೆಎಣ್ಣೆಯಲ್ಲಿ ಒರೆಸಿ ತೆಗೆದು ಬೆಲ್ಲದ ಬಣ್ಣ ಹೊಡೆಸಿದೆವು. ಅದೂ ಒಣಗಲಿಲ್ಲ. ಒರೆಸಿದೆವು. ಮೂರನೆಯ ಸಲ ಅವರು ಐದು ದಿನ ಕೂತರು, ಒಂದು ಮಧ್ಯಾಹ್ನ ಊಟಕ್ಕೂ ಏಳದೆ ಕೂತಿದ್ದರೆಂದು ಅವರ ಸೊಸೆ ಹೇಳಿದಳು. ಹುರಿಗಡಲೆ ಹಳದಿ ಎಂದರು. ಹಳದಿಯೂ ಹಾಗೆಯೇ ಜಿಗುಟಾಗಿ ನಿಂತಿತು. ನಮ್ಮನೆಯವರ ಎಲ್ಲ ಅಂಗಿಗಳ ಎಡತೋಳೂ ಮೂರು ಬಣ್ಣವಾಗಿತ್ತು. ಓಣಿ ಇಕ್ಕಟ್ಟು, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಆತುಕೊಳ್ಳಲೇಬೇಕು.

ಬೀಗಿತ್ತಿ ಫೋನ್ ಮಾಡಿದರು. ಅವರ ಊರಿನಲ್ಲಿ ಗೋಡೆಗಳು ಎಲ್ಲ ಕಡೆಯ ಹಾಗೆ ಒಣಗುತ್ತವೆ, ಆದರೆ ನಮ್ಮ ಊರಿನ ವಿಷಯ ಅವರಿಗೆ ಗೊತ್ತು. "ನೋಡಿ ಅನಸೂಯಮ್ಮ, ತಪ್ಪು ತಿಳ್ಕೋಬೇಡಿ. ಹಸೀ ಬಣ್ಣದ ವಾಸನೇಲಿ ಬಸುರಿ ಹೆಂಗಸನ್ನ ಇಡೋಕಾಗಲ್ಲ. ಅದೂ ಹೋದ ಸಲ ಅಲ್ಲಿ ಹಾಗಾದ ಮೇಲೆ. ಹುಣ್ಣಿಮೆಯೊಳಗೆ ಒಣಗಿದ್ರೆ ಕಳಿಸ್ತೀವಿ, ಇಲ್ಲಾಂದ್ರೆ ಇಲ್ಲೇ ಆಗ್ಲಿ ಬಿಡಿ" ಎಂದರು. ನಾನು ಆಗಲಿ ಎಂದೆ. ನನಗೆ ವಾದ ಮಾಡಲು ಬರುವುದಿಲ್ಲ. ಆಮೇಲೆ ಪದ್ಮಿನಿ ಫೋನ್ ತೆಗೆದುಕೊಂಡಳು. "ಅದು ಹೋಗಿದ್ದು ಅಲ್ಲೇ. ಇದು ಬರೋದೂ ಅಲ್ಲೇ ಆಗ್ಬೇಕಮ್ಮ. ಇಲ್ಲದಿದ್ರೆ ಆ ಮನೆಗೆ ಕಾಲಿಡೋಕೆ ನಂಗೆ ಯಾವತ್ತೂ ಧೈರ್ಯ ಬರಲ್ಲ" ಎಂದಳು. ಹುಣ್ಣಿಮೆಗೆ ಒಂಬತ್ತು ದಿನ ಇತ್ತು.

ಅಷ್ಟರಲ್ಲಿ ಊರು ಮಾತಾಡತೊಡಗಿತ್ತು. ಹೂ ಮಾರುವವಳು ಮೊಳ ಹಾಕುತ್ತಾ, "ಎದುರುಮನೆಯೋರ ಸೊಸೆಗೆ ಮದ್ವೆಯಾಗಿ ಎಂಟು ವರ್ಷ ಆದ್ರೂ ಏನೂ ಇಲ್ಲ. ನಿಮ್ಮನೇಗೆ ತೊಟ್ಟಿಲು ಬರೋದು ಎದೆಗೆ ನಾಟ್ತಾ ಇರುತ್ತೆ, ಬಾಯಲ್ಲಿ ಹುರಿಗಡಲೆ ಅಂದ್ರೆ ಗೋಡೆ ನಂಬುತ್ತಾ" ಎಂದಳು. ನಾನು ಹೂ ತೆಗೆದುಕೊಂಡು ಬಂದೆ. ಮನೆಯಲ್ಲಿ ನಮ್ಮನೆಯವರೂ ಶೇಡ್ ಕಾರ್ಡು ಮಡಚಿ, "ಅವರಿಗೆ ಮನಸ್ಸಿಲ್ಲ ಅನ್ಸುತ್ತೆ ಕಣೇ" ಎಂದರು. ಖಾಸಿಂ ಸಾಹೇಬರು ಮಾತ್ರ ತಲೆ ಅಲ್ಲಾಡಿಸಿದರು. "ಆ ಅಮ್ಮ ಸುಳ್ಳು ಹೇಳೋರಲ್ಲ. ಸುಳ್ಳು ಬಣ್ಣ ಕೆಳಕ್ಕೆ ಸೋರುತ್ತೆ, ನಾನು ಕಂಡಿದೀನಿ. ಇದು ಸೋರ್ತಾ ಇಲ್ಲ, ಸುಮ್ನೆ ನಿಂತಿದೆ. ಯಾರನ್ನೋ ಕಾಯ್ತಾ ಇರೋ ಥರ."

ಆ ಸಂಜೆ ಭಾಗೀರಥಕ್ಕ ಬಂದರು. ಒಳಗೆ ಬರಲಿಲ್ಲ, ಓಣಿಯಲ್ಲೇ ಸೆರಗು ಒಟ್ಟುಮಾಡಿ ಹಿಡಿದುಕೊಂಡು ನಿಂತರು. "ಊರಲ್ಲಿ ಅಂತಾ ಇರೋದು ನನ್ನ ಕಿವಿಗೂ ಬಿತ್ತು. ನಿನ್ನ ಮಗಳಿಗೆ ಎಣ್ಣೆ ಒತ್ತಿ ನೀರು ಹಾಕಿದ ಕೈ ಇದು. ನೀನು ಹೇಳು ಅನಸೂಯಾ, ನಾನು ಸುಳ್ಳು ಬಣ್ಣ ಹೇಳ್ತೀನಾ?"

ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು. ಆದರೆ ನಾನು ಆ ಕ್ಷಣ ಬಾಗಿಲ ಪಕ್ಕ ಹೊಳೆಯುತ್ತಿದ್ದ ಹಸಿ ಹಳದಿಯನ್ನು ನೋಡುತ್ತಿದ್ದೆ. ಸುಮ್ಮನಿರುವುದು ನನ್ನ ಹುಟ್ಟುಗುಣ, ಅದನ್ನು ಎಲ್ಲರೂ ಸಾಧುತನ ಎಂದು ಹೊಗಳುತ್ತಾರೆ. ಆ ದಿನ ಅದು ಸಾಧುತನವಾಗಿರಲಿಲ್ಲ. ಭಾಗೀರಥಕ್ಕ ಸ್ವಲ್ಪ ಹೊತ್ತು ಕಾದು, "ಸರಿ" ಎಂದಷ್ಟೇ ಹೇಳಿ ಹೋದರು. ಮಾರನೆಯ ದಿನದಿಂದ ಜಗಲಿಯಲ್ಲಿ ಅವರು ಕೂರುವ ಮಣೆ ಇರಲಿಲ್ಲ. ರಸ್ತೆ ಕಡೆಯ ಬಾಗಿಲು ಹಗಲೂ ಮುಚ್ಚಿತ್ತು.

ಇಲ್ಲಿ ನನ್ನ ಒಂದು ಅಭ್ಯಾಸದ ವಿಷಯ ಹೇಳಬೇಕು. ನನ್ನ ತಂದೆ ಸಂಜೆ ಹೊತ್ತು ಕಾವ್ಯ ಓದುತ್ತಿದ್ದರು. ಬೀದಿಯವರು ಕೂತು ಕೇಳುತ್ತಿದ್ದರು, ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೆ. ಕೇಳಿ ಕೇಳಿಯೇ ಬಾಯಿಗೆ ಬಂದದ್ದನ್ನು ಬೆಳಿಗ್ಗೆ ದೇವರ ದೀಪ ಹಚ್ಚಿದ ಮೇಲೆ ಅಡುಗೆ ಮಾಡುತ್ತಾ ಹೇಳಿಕೊಳ್ಳುತ್ತೇನೆ. ಮನೆ ಕಳೆದುಕೊಂಡ ರಾಣಿಯೊಬ್ಬಳು ಕುದುರೆ ಏರಿ ಕಾಡು ಹಾಯುವ ಭಾಗ ನನಗೆ ಇಷ್ಟ. ಅವಳು ತುಂಬಿದ ಹೊಳೆಯ ದಡಕ್ಕೆ ಬಂದು ಕಡಿವಾಣ ಬಿಗಿಹಿಡಿಯುತ್ತಾಳೆ. ಅಲ್ಲಿಗೆ ನಿಲ್ಲುತ್ತದೆ. ತಂದೆಯವರ ಹಸ್ತಪ್ರತಿಯಲ್ಲಿ ಮುಂದಿನ ಹಾಳೆಗಳನ್ನು ಗೆದ್ದಲು ತಿಂದಿತ್ತು. ಅವರು ಅಲ್ಲಿಗೇ ಮಂಗಳ ಹಾಡುತ್ತಿದ್ದರು, ನಾನೂ ಅಲ್ಲಿಗೇ ಒಲೆ ಆರಿಸುತ್ತೇನೆ. ಓಣಿಯ ಆಚೆ ಬದಿಯ ಮನೆಯ ಅಡುಗೆಮನೆ ಕಿಟಕಿಯೊಂದು ನಮ್ಮ ಕಡೆಗಿದೆ. ಆ ಮನೆಯ ಮುಂಬಾಗಿಲು ಆಚೆ ಬೀದಿಗೆ, ಹಾಗಾಗಿ ಅವರು ನಮಗೆ ನೆರೆಯವರೂ ಅಲ್ಲ, ಎದುರಿನವರೂ ಅಲ್ಲ. ಅಲ್ಲಿ ಯಾರೋ ದಿನಾ ಅದೇ ಹೊತ್ತಿಗೆ ಪಾತ್ರೆ ತೊಳೆಯುತ್ತಿದ್ದರು. ನಾನು ಪದ್ಯ ಶುರುಮಾಡಿದರೆ ಪಾತ್ರೆಯ ಸದ್ದು ಸಣ್ಣಗಾಗುತ್ತಿತ್ತು. ಇಪ್ಪತ್ತು ವರ್ಷದಿಂದ ಆ ಸದ್ದು ನನಗೆ ಪರಿಚಯ, ಮುಖ ಮಾತ್ರ ಸರಿಯಾಗಿ ಕಂಡಿರಲಿಲ್ಲ. ಹಸಿರು ಬಳಿದ ದಿನದಿಂದ ಆ ಸದ್ದು ದೂರವಾಗಿತ್ತು. ಕಿಟಕಿಯ ಹಲಗೆ ಮುಚ್ಚಿದ್ದರು. ಬಣ್ಣದ ವಾಸನೆಗೆ ಮುಚ್ಚಿರಬೇಕು ಎಂದುಕೊಂಡಿದ್ದೆ.

ಹುಣ್ಣಿಮೆಗೆ ನಾಲ್ಕು ದಿನ ಇರುವಾಗ ಹೊಸ ಬಾಗಿಲ ಮುಂದೆ ರಂಗೋಲಿ ಹಾಕುತ್ತಾ ಅದೇ ಭಾಗ ಹೇಳಿಕೊಳ್ಳುತ್ತಿದ್ದೆ. ತಲೆಯೆಲ್ಲ ಮಗಳ ಮೇಲೆ, ಭಾಗೀರಥಕ್ಕನ ಮುಚ್ಚಿದ ಬಾಗಿಲ ಮೇಲೆ. ಸಾವಿರ ಸಲ ಹೇಳಿದ ಸಾಲು ಮರೆತುಹೋಯಿತು. ಎರಡು ಸಲ ಹಿಂದಿನ ಸಾಲಿನಿಂದ ಓಡಿ ಬಂದು ಎರಡು ಸಲವೂ ಅಲ್ಲೇ ಎಡವಿದೆ. ಮುಚ್ಚಿದ ಕಿಟಕಿಯ ಹಿಂದಿನಿಂದ ಒಂದು ಹೆಣ್ಣು ದನಿ, "ಕಡಿವಾಣ ಹಿಡಿದು ನಿಂದಳು" ಎಂದಿತು.

ನಾನು ರಂಗೋಲಿ ಬಟ್ಟಲು ಹಿಡಿದು ಎದ್ದು ನಿಂತೆ. "ಯಾರು?"

"ನಾನು ಕಣವ್ವ, ಸಿದ್ದಾಜಮ್ಮ. ಪಾತ್ರೆ ತೊಳೆಯೋಳು." ಹಲಗೆ ಒಂದು ಗೇಣು ತೆರೆಯಿತು. ನನ್ನಷ್ಟೇ ವಯಸ್ಸಿನ ಹೆಂಗಸು, ಮೊಣಕೈವರೆಗೆ ಬೂದಿ. "ಎಷ್ಟ್ ವರ್ಷದಿಂದ ಕೇಳ್ತಾವ್ನಿ, ಬಾಯಿಗೆ ಬರದೆ ಇದ್ದಾದಾ? ಆಮೇಕೆ ಆವಮ್ಮ ಹೊಳೆ ದಾಟುದ್ಲಾ ಇಲ್ವಾ? ನೀವು ದಿನಾ ಅಲ್ಲಿಗೇ ನಿಲ್ಸ್‌ಬುಡ್ತೀರಿ."

"ನಂಗೂ ಗೊತ್ತಿಲ್ಲಮ್ಮ. ಮುಂದಿನ ಹಾಳೆ ಇಲ್ಲ" ಎಂದೆ. ಆಮೇಲೆ, "ಕಿಟಕಿ ಯಾಕೆ ಮುಚ್ಚಿಬಿಟ್ರಿ, ವಾಸನೆಗಾ?" ಎಂದೆ.

"ವಾಸನೆ ಏನ್ ಮಾಡ್ತದೆ. ನೋಡಾಕೆ ಏನೈತೆ ಈಗ? ಗೋಡೆ ಮ್ಯಾಲೆ ಆವಮ್ಮ ಇದ್ಲು, ಕುದ್ರೆ ಮ್ಯಾಲೆ ಕುಂತಂಗೆ. ಕೆಳಗ್ ಹೊಳೆ. ನಾನು ಈ ಮನೇಗ್ ಬಂದ ವರ್ಷ ನಂಗದು ಬರೀ ನೀರ್ ಸೋರಿದ್ ಕಲೆ. ನಿಮ್ ಪದ ಕೇಳ್ತಾ ಕೇಳ್ತಾ ಕಾಣಾಕ್ ಹತ್ಕತ್ತು. ಇಪ್ಪತ್ತೆರಡು ವರ್ಷ ಪಾತ್ರೆ ತೊಳೀತಾ ಅದುನ್ನೇ ನೋಡಿವ್ನಿ ನಾನು. ನೀವು ಅದ್ರ ಕಾಲ್ ಮುರ್ದು ಬಾಗ್ಲು ಇಕ್ಕುದ್ರಿ. ಆಯ್ತು, ಬಾಗ್ಲು ಬೇಕು ಅನ್ಕಂಡೆ. ಆಮೇಕೆ ಮೈಗೂ ಹಸ್ರು ಬಳುದ್ರಿ." ಸಿಟ್ಟಿನಿಂದ ಹೇಳಲಿಲ್ಲ. ಹುಳಿ ಬಂದ ಮಜ್ಜಿಗೆಯ ವಿಷಯ ಹೇಳಿದಂತೆ ಹೇಳಿದಳು.

ನನ್ನ ಬೆನ್ನಿಗೆ ನನ್ನ ಮನೆಯ ತಲೆಬಾಗಿಲಿತ್ತು. ಎದುರಿಗೆ, ಮೂರು ಮೊಳ ದೂರದಲ್ಲಿ, ಅವಳ ಕಿಟಕಿ. ನನಗೆ ಆಗ ಹೊಳೆದದ್ದನ್ನು ನಾನು ಪೂರ್ತಿ ನಂಬಲಿಲ್ಲ. ಅಲ್ಲೇ ನಿಂತು ಒಮ್ಮೆ ಬಾಗಿಲನ್ನು, ಒಮ್ಮೆ ಕಿಟಕಿಯನ್ನು ತಿರುಗಿ ತಿರುಗಿ ನೋಡಿದೆ. ಅಡುಗೆಮನೆಯ ಕಿಟಕಿ ಎದುರುಮನೆ ಹೇಗಾಗುತ್ತದೆ. ಆದರೆ ಬಾಗಿಲು ತೆರೆದರೆ ಕಾಣುವುದು ಅದೇ. ಹಾಗಾದರೆ ಮೂವತ್ತು ವರ್ಷ ಎದುರಿಗಿದ್ದವರು ಈಗ ಎಲ್ಲಿದ್ದಾರೆ.

"ಸಿದ್ದಾಜಮ್ಮ, ಈ ಗೋಡೆಗೆ ಯಾವ ಬಣ್ಣ ಹೊಡೆಸಲಿ, ನೀವು ಹೇಳಿ" ಎಂದೆ.

ಅವಳು ನಕ್ಕಳು. "ನನ್ನ ಯಾರು ಕೇಳ್ತಾರವ್ವ. ನಮ್ ಮುಂದ್ಗಡೆ ಬೀದಿ ಮನೆಯೋರ್ಗೆ ನಮ್ಮತ್ತೆ ಹೇಳ್ತಿದ್ರು, ಈಗ ನಮ್ ಯಜಮಾನ್ರು ಹೇಳ್ತಾರೆ. ನಾನು ಹಿತ್ಲ ಕಡೆಯೋಳು."

"ಈಗ ನಮ್ಮ ಬಾಗಿಲು ಹಿತ್ತಲ ಕಡೆಗೇ ಬಂದಿದೆ. ಮಗಳು ಬರಬೇಕು, ಏಳು ತಿಂಗಳು. ಹುಣ್ಣಿಮೆಯೊಳಗೆ ಒಣಗದಿದ್ರೆ ಅವರು ಕಳಿಸಲ್ಲ" ಎಂದೆ.

ಸಿದ್ದಾಜಮ್ಮ ಹಲಗೆಯನ್ನು ಪೂರ್ತಿ ತೆರೆದಳು. ಬೂದಿ ಕೈಯನ್ನು ಕಿಟಕಿಯ ಸರಳಿಗೆ ಒರೆಸಿ ನಮ್ಮ ಗೋಡೆಯನ್ನು ನೋಡಿದಳು. ಭಾಗೀರಥಕ್ಕನಂತೆ ಮೂರು ದಿನ ಬೇಕಾಗಲಿಲ್ಲ, ಅವಳು ಮೊದಲೇ ಇಪ್ಪತ್ತೆರಡು ವರ್ಷ ನೋಡಿಯಾಗಿತ್ತು. "ಬಣ್ಣ ಬ್ಯಾಡ. ಒರಸ್‌ಬುಡಿ. ಸುತ್ತ ಸುಣ್ಣ ಬಳೀರಿ, ಚೂರು ನೀಲಿ ಹಾಕಿ. ಆ ಕಲೆ ಮಾತ್ರ ಮುಟ್‌ಬ್ಯಾಡಿ."

ನಮ್ಮನೆಯವರು ಕೇಳಿ ಕುರ್ಚಿಯಲ್ಲಿ ಕೂತುಬಿಟ್ಟರು. "ಬೀಗರು ಬರೋ ತಲೆಬಾಗಿಲ ಮೇಲೆ ಕಲೆ ಬಿಡೋದಾ? ಏನಂತಾರೆ ನೋಡಿದವರು?" ಖಾಸಿಂ ಸಾಹೇಬರು ಆಗಲೇ ಒರೆಸಲು ಗೋಣಿಚೀಲ ಹರಿಯುತ್ತಿದ್ದರು. "ಸ್ವಾಮಿ, ಒಣಗಿದ ಬಣ್ಣ ಆಗಿದ್ರೆ ಎಂಟು ದಿನ ಕೆರೀಬೇಕಿತ್ತು. ಒಣಗಲಿಲ್ಲವಲ್ಲ, ಅದೇ ಪುಣ್ಯ. ಒಂದು ಬೆಳಿಗ್ಗೆ ಕೆಲಸ." ಮಾರನೆಯ ಬೆಳಿಗ್ಗೆ ಅವರು ಒರೆಸಿದಂತೆಲ್ಲ ಹಳದಿ ಹೋಯಿತು, ಮೂಲೆಯಲ್ಲಿ ಉಳಿದಿದ್ದ ಬೆಲ್ಲ ಹೋಯಿತು, ಹಸಿರು ಹೋಯಿತು. ಹಳೆಯ ಸುಣ್ಣ ಕಂಡಿತು. ಬಾಗಿಲ ಮೇಲಿನ ಪಟ್ಟಿಯಿಂದ ಎರಡು ಮೊಳ ಮೇಲಕ್ಕೆ ಕಂದು ಕಲೆ ಮೆಲ್ಲಗೆ ಮೂಡಿತು. ಮೂವತ್ತು ವರ್ಷ ಈ ಮನೆಯಲ್ಲಿದ್ದೇನೆ, ಒಮ್ಮೆಯೂ ಅದನ್ನು ನಿಂತು ನೋಡಿರಲಿಲ್ಲ. ಈಗ ನೋಡಿದರೆ ಬಾಗಿದ ಕುತ್ತಿಗೆಯ ಕುದುರೆ, ಮೇಲೆ ಬೆನ್ನು ನೆಟ್ಟಗಿಟ್ಟು ಕೂತವಳು, ಹಿಂದಕ್ಕೆ ಹಾರಿದ ಸೆರಗು. ಕುದುರೆಯ ಕಾಲು, ಹೊಳೆ ಇರಲಿಲ್ಲ. ಅವು ಇದ್ದ ಕಡೆ ಬಾಗಿಲಿತ್ತು. ಖಾಸಿಂ ಸಾಹೇಬರು ಸುತ್ತ ನೀಲಿ ಸುಣ್ಣ ಬಳಿಯುತ್ತಾ, ಕುದುರೆಯ ಕಿವಿಯ ಹತ್ತಿರ ಬಂದಾಗ ದೊಡ್ಡ ಬ್ರಷ್ ಇಟ್ಟು ಸಣ್ಣದು ಹಿಡಿದರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ.

ಅನ್ನ ಬಸಿಯುವ ಹೊತ್ತಿಗೆ ನಾನು ಹೊರಗೆ ಬಂದು ಬೆರಳಿಟ್ಟೆ. ಬೆರಳಿಗೆ ಸುಣ್ಣದ ಪುಡಿ ಹತ್ತಿತು, ತೇವ ಇರಲಿಲ್ಲ. ಆಮೇಲೆ ಏನೋ ಅನ್ನಿಸಿ ಮನೆ ಸುತ್ತಿ ರಸ್ತೆ ಕಡೆಗೆ ಹೋದೆ. ಅಲ್ಲಿ ಭಾಗೀರಥಕ್ಕ ಹೇಳಿದ ಹುರಿಗಡಲೆ ಹಳದಿಯನ್ನು ಯಾರೂ ಮುಟ್ಟಿರಲಿಲ್ಲ. ಅಂಗೈ ಇಟ್ಟೆ. ಕಲ್ಲಿನಂತೆ ಒಣಗಿತ್ತು. ಬಾಗಿಲಿನ ಗೋಡೆ ಸರಿಹೋಗುವವರೆಗೆ ಉಳಿದ ಗೋಡೆಗಳು ಕಾದಿದ್ದವೋ, ನಾನು ಅವರ ಮೇಲೆ ಅನುಮಾನ ಪಟ್ಟಷ್ಟು ದಿನ ಕಾದಿದ್ದವೋ, ಅದು ನನಗೆ ಈಗಲೂ ಸ್ಪಷ್ಟವಿಲ್ಲ.

ರಸ್ತೆ ದಾಟಿ ಬಾಗಿಲು ತಟ್ಟಿದೆ. ತೆರೆದವರು ಭಾಗೀರಥಕ್ಕನೇ. ಅವರ ಕೈ ಹಿಡಿದು ಕರೆತಂದೆ, ಅವರ ಅಂಗೈಯನ್ನೇ ಆ ಹಳದಿಗೆ ಒತ್ತಿದೆ. ಅವರು ಅಂಗೈ ತಿರುಗಿಸಿ ನೋಡಿಕೊಂಡರು. ಬಣ್ಣ ಹತ್ತಿರಲಿಲ್ಲ. "ನೀವು ಹೇಳಿದ್ದು ನಿಜ ಅಕ್ಕ. ಅವತ್ತು ಕೇಳಿದಾಗ ನಾನು ಇಲ್ಲ ಅನ್ನಬೇಕಿತ್ತು. ಅನ್ನಲಿಲ್ಲ" ಎಂದೆ. ಓಣಿಯ ಕಿಟಕಿಯ ವಿಷಯ ಹೇಳಿದೆ.

ಅವರು ಬಹಳ ಹೊತ್ತು ಆ ಹಳದಿ ಗೋಡೆಯನ್ನು, ಇಟ್ಟಿಗೆ ತುಂಬಿದ ಹಳೇ ಬಾಗಿಲಿನ ಜಾಗವನ್ನು ನೋಡುತ್ತಾ ನಿಂತರು. "ಹಾಗಾದ್ರೆ ನಾನೀಗ ನಿಮಗೆ ಯಾರಾಗಬೇಕು?" ಎಂದು ಕೇಳಿದರು. ಸಿಟ್ಟಿರಲಿಲ್ಲ, ನಿಜಕ್ಕೂ ಗೊತ್ತಿಲ್ಲದೆ ಕೇಳಿದ್ದು. ನನಗೂ ಗೊತ್ತಿರಲಿಲ್ಲ. ನಮ್ಮ ಊರಿನಲ್ಲಿ ಅದಕ್ಕೆ ಹೆಸರಿಲ್ಲ. "ನಾಳಿದ್ದು ಪದ್ಮಿನಿ ಬರ್ತಾಳೆ. ಮಣೆ ಮತ್ತೆ ಹೊರಗೆ ಹಾಕಿ" ಎಂದೆ. ಈ ಸಲ ಬೇಗ ಹೇಳಿದೆ.

ಹುಣ್ಣಿಮೆಯ ಹಿಂದಿನ ದಿನ ಹತ್ತು ಗಂಟೆಗೆ ಆಟೋ ಬಂತು. ನಾನು ಓಣಿಯ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ಕಾದೆ. ಯಾರೂ ಬರಲಿಲ್ಲ. ಮೂಲೆಗೆ ಹೋಗಿ ಇಣುಕಿದರೆ ಪದ್ಮಿನಿ ರಸ್ತೆಯಲ್ಲಿ ಇಳಿದು, ಹುಟ್ಟಿದಾಗಿನಿಂದ ಹೋಗಿ ಬಂದ ಜಾಗಕ್ಕೆ ನೇರ ನಡೆದು, ಬಾಗಿಲಿಲ್ಲದ ಹಳದಿ ಗೋಡೆಯ ಮುಂದೆ ಕೈಚೀಲ ಹಿಡಿದು ನಿಂತಿದ್ದಳು. ಫೋನಿನಲ್ಲಿ ಹೇಳಿದ್ದೆ, ಮರೆತಿರಬೇಕು. ಅವಳ ಮುಖದಲ್ಲಿ ಹೆದರಿಕೆ ಕಂಡು ನಾನು ಓಡುವಷ್ಟರಲ್ಲಿ ಭಾಗೀರಥಕ್ಕ ಜಗಲಿಯಿಂದ ಇಳಿದು ಅವಳ ಚೀಲ ತೆಗೆದುಕೊಂಡಿದ್ದರು. "ಬಾಗಿಲು ಆ ಕಡೆ ಹೋಗಿದೆ ಬಾರೇ. ನಿಮ್ಮಪ್ಪನಿಗೆ ಮಾಡೋಕೆ ಬೇರೆ ಕೆಲಸ ಇರಲಿಲ್ಲ" ಎಂದು ಕೈ ಹಿಡಿದು ಓಣಿಗೆ ಕರೆತಂದರು. ಓರೆಯಾಗಿ, ಗೋಡೆಗೆ ಭುಜ ಸೋಕಿಸಿಕೊಂಡೇ ಬಂದರು. ಇಬ್ಬರ ಭುಜಕ್ಕೂ ಒಂದಿಷ್ಟು ಸುಣ್ಣದ ಪುಡಿ ಬಿಟ್ಟರೆ ಏನೂ ಹತ್ತಲಿಲ್ಲ.

ಹೊಸಿಲ ಮುಂದೆ ಪದ್ಮಿನಿ ನಿಂತಳು. ತಲೆ ಎತ್ತಿ ಕಲೆ ನೋಡಿದಳು. "ಇದೇನಮ್ಮ, ಇಷ್ಟು ಚೆನ್ನಾಗಿ ಸುಣ್ಣ ಮಾಡಿಸಿ ಇದನ್ನ ಬಿಟ್ಟಿದ್ದೀರಿ" ಎಂದಳು. ಆರತಿಯಾದರೂ ಅವಳು ಕಾಲೆತ್ತಲಿಲ್ಲ. ಒಳಗಿನ ಕತ್ತಲನ್ನೇ ನೋಡುತ್ತಿದ್ದಳು, ಹೋದ ವರ್ಷದ ಆ ಕೋಣೆ ಅದೇ ಕತ್ತಲಿನಾಚೆ ಇತ್ತು. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಭಾಗೀರಥಕ್ಕನ ಕೈಯಲ್ಲಿ. ನಾನು ಬಾಯಿಗೆ ಬಂದದ್ದನ್ನೇ, ರಾಣಿ ಹೊಳೆಯ ದಡಕ್ಕೆ ಬರುವ ಸಾಲುಗಳನ್ನು ಸಣ್ಣಗೆ ಹೇಳತೊಡಗಿದೆ. ಎದುರಿನ ಕಿಟಕಿಯಲ್ಲಿ ಪಾತ್ರೆಯ ಸದ್ದು ನಿಂತಿತು. ಕಡಿವಾಣ ಹಿಡಿದು ನಿಂದಳು ಎಂಬಲ್ಲಿಗೆ ಬಂದು ನಾನು ಎಂದಿನಂತೆ ನಿಲ್ಲಿಸಿದೆ, ಮುಂದೆ ನನ್ನಲ್ಲಿ ಏನೂ ಇರಲಿಲ್ಲ.

ಪದ್ಮಿನಿ ಬಲಗಾಲು ಎತ್ತಿ ಹೊಸಿಲಿನ ಆಚೆ ಇಟ್ಟಳು. ಆಮೇಲೆ ಎಡಗಾಲು.

"ದಾಟುದ್ಲು" ಎಂದಳು ಸಿದ್ದಾಜಮ್ಮ ಕಿಟಕಿಯಲ್ಲಿ, ತನಗೇ ಹೇಳಿಕೊಂಡಂತೆ. ಮತ್ತೆ ಪಾತ್ರೆ ಉಜ್ಜುವ ಸದ್ದು ಶುರುವಾಯಿತು.